ಕೇಳದೇ ಬಿಟ್ಟ ಹಾಡು, ಭಾಗ 6: ‘ಜಗ್ ಚಂಗಾ’ಕ್ಕ ಇನ್ನೊಂದು ಚಾನ್ಸ್ ಕೊಡ್ರಿ

ರಘು ದೀಕ್ಷಿತ್ ಪ್ರಾಜೆಕ್ಟ್ ಅಂದ್ರ ನಮ್ಮ ಕ್ಲಾಸಿನಾಗ ಎಲ್ಲಾರ ಬಾಯಾಗ ಬರೋದು ಮೊದಲನೇ ಆಲ್ಬಮ್. ‘ಗುಡುಗುಡಿಯ ಸೇದಿ ನೋಡೋ’, ‘ಮೈಸೂರ್ ಸೇ ಆಯಿ’. ಇಲ್ಲಾಂದ್ರ ‘ಜಸ್ಟ್ ಮಾತ್ ಮಾತಲ್ಲಿ’ ಸಿನಿಮಾದ ಹಾಡು. 2013ರಾಗ ಬಂದ ಎರಡನೇ ಆಲ್ಬಮ್ ‘ಜಗ್ ಚಂಗಾ’ ಯಾರ ಸ್ಟೋರಿಯಾಗೂ ಕಾಣಂಗಿಲ್ಲ. ನನ್ನ ಲೆಕ್ಕದಾಗ, ನಮ್ಮ ಕಡೆಯವರಿಗೆ ಮೊದಲನೇದಕ್ಕಿಂತ ಇದೇ ಹೆಚ್ಚು ಬೇಕು. ಪೂರ್ತಿ ಓದ್ರಿ, ಆಮ್ಯಾಲೆ ಬೈರಿ.

ಮೊದಲನೇ ಆಲ್ಬಮ್ ಬಂದಿದ್ದು 2008ರಾಗ. 2010ರಾಗ ಬ್ಯಾಂಡ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋದಾಗ ಹಾಡಿತು. 2011ರಾಗ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಸಿಕ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ ಗ್ಲಾಸ್ಟನ್‌ಬರಿಗೂ ಹೋಗಿ ಬಂದರು. ಇಷ್ಟೆಲ್ಲಾ ಆದ ಮ್ಯಾಲೆ ಜನ ಕೇಳಿದ್ದು ಏನು? ಮತ್ತ ಅದೇ ಮೊದಲನೇ ಆಲ್ಬಮ್! ನಮ್ಮ ಬಿಕಾಂ ಭಾಷೆದಾಗ ಹೇಳಬೇಕಂದ್ರ, ಮೊದಲನೇದು ಗಳಿಸಿದ ಗುಡ್‌ವಿಲ್ ಎಲ್ಲಾ ಎರಡನೇದರ ತಲಿ ಮ್ಯಾಲೆ ಸಾಲ ಆಗಿ ಕೂತಿತು.

‘ಜಗ್ ಚಂಗಾ’ ಮ್ಯಾಲೆ ನಾ ಕೇಳಿರೋ ದೂರು ಎರಡು.

ಒಂದು: ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲಾ ಕಲಸುಮೇಲೋಗರ. ಮೊದಲನೇ ಆಲ್ಬಮ್ಮಿನಾಗೂ ಮೂರೂ ಭಾಷೆ ಇದ್ದವಲ್ಲಪಾ! ಸವಣೂರು ಪ್ಯಾಟ್ಯಾಗ ಒಂದು ಕಿಲೋ ಟೊಮೇಟೊ ತಗೊಳ್ಳೋದ್ರೊಳಗ ಕನ್ನಡ, ಉರ್ದು ಎರಡೂ ಬಂದು ಹೋಗ್ತಾವ. ನಾವು ಮಾತಾಡೋದೇ ಹಂಗ, ಹಾಡು ಹಂಗಿದ್ರ ಏನು ತಪ್ಪು?

ಎರಡು: ಷರೀಫರ ಪದಕ್ಕ ಗಿಟಾರು, ಡ್ರಮ್ಸು ಹಾಕಿ ಕೆಡಿಸ್ಯಾರ. ಈ ಆಲ್ಬಮ್ಮಿನಾಗ ‘ಲೋಕದ ಕಾಳಜಿ’ ಐತಿ, ‘ಕೋಡಗನ ಕೋಳಿ ನುಂಗಿತ್ತ’ ಐತಿ. ಎರಡೂ ಶಿಶುನಾಳ ಷರೀಫರವು. ಹಿರಿಯರು “ಮೂಲ ಧಾಟಿ” ಅಂತಾರಲ್ಲ, ಅವರು ಕ್ಯಾಸೆಟ್ಟಿನಾಗ ಕೇಳಿ ಬೆಳೆದ ಷರೀಫರ ಹಾಡಿಗೆ ಹೆಚ್ಚಾಗಿ ರಾಗ ಹಾಕಿದವರು ಸಿ. ಅಶ್ವಥ್. ‘ಸಂತ ಶಿಶುನಾಳ ಷರೀಫ’ ಸಿನಿಮಾ ಬಂದಿದ್ದು 1990ರಾಗ, ಷರೀಫರು ತೀರಿಕೊಂಡಿದ್ದು 1889ರಾಗ. ನಡುವ ನೂರು ವರ್ಷ ಈ ಪದಗಳನ್ನ ಕಾಯ್ದವರು ಊರೂರಿನ ಭಜನಿ ಮಂದಿ, ಬಾಯಿಂದ ಬಾಯಿಗೆ. ಅಶ್ವಥ್ ಅವರು ತಮ್ಮ ಕಾಲದ ವಾದ್ಯ ಬಳಸಿದರು, ರಘು ದೀಕ್ಷಿತ್ ತಮ್ಮ ಕಾಲದ್ದು ಬಳಸಿದರು.

ಆಲ್ಬಮ್ಮಿನಾಗ ತಪ್ಪಿಲ್ಲ ಅನ್ನಂಗಿಲ್ಲ. ‘ಯಾದೋಂ ಕಿ ಕ್ಯಾರಿ’ ನನಗ ಸ್ವಲ್ಪ ಹೆಚ್ಚು ಪಾಲಿಶ್ ಅನಸ್ತದ. ಒಂದು ಹಾಡಿನಿಂದ ಇನ್ನೊಂದಕ್ಕ ಹೋಗುವಾಗ ಹಾನಗಲ್ಲ ಬಸ್ಸಿನ ಹಿಂದಿನ ಸೀಟಿನಾಗ ಕುಂತಂಗ ಕುಲುಕ್ತದ.

ಆದ್ರ ‘ಲೋಕದ ಕಾಳಜಿ’ ಕೇಳ್ರಿ. ಬೀಟ್ ಕಾಲು ಕುಣಿಸ್ತದ, ಮಾತು ಮಾತ್ರ ನೆಟ್ಟಗ ಎದಿಗೆ ಬರ್ತದ. ಚಿಂತಿ ಮಾಡಾಂವನ್ನ ಷರೀಫರು ಸಮಾಧಾನ ಮಾಡಂಗಿಲ್ಲ, ಚಾಷ್ಟಿ ಮಾಡ್ತಾರ. ಎಷ್ಟು ದೊಡ್ಡ ಮನಿ ಕಟ್ಟಿದ್ರೂ ಕಡೀಕ ಮಣ್ಣಿಗೇ ಹೋಗೋದು ಅಂತ ನಕ್ಕೋತ ಹೇಳ್ತಾರ. ಇಂಟರ್ನಲ್ಸು, ಕೆಲಸ, ಮನಿ ಸಾಲ ಅಂತ ತಲಿ ಕೆಡಿಸಿಕೊಂಡ ಇಪ್ಪತ್ತರ ವಯಸ್ಸಿಗೆ ಇದಕ್ಕಿಂತ ಖರೇ ಹಾಡು ಯಾವುದೈತಿ?

ನನ್ನ ವಾದ ಇಷ್ಟ. ಶಿಶುನಾಳ ನಮ್ಮ ಶಿಗ್ಗಾಂವಿ ತಾಲೂಕಿನಾಗ ಐತಿ. ಮುಸ್ಲಿಂ ಮನೆತನದ ಹುಡುಗ, ಬ್ರಾಹ್ಮಣ ಗುರು ಗೋವಿಂದ ಭಟ್ಟರು. ಇವತ್ತಿಗೂ ಆ ಗದ್ದಿಗಿಗೆ ಎರಡೂ ಧರ್ಮದವರು ನಡಕೋತಾರ. ಆದ್ರ ನಮಗ ಷರೀಫರು ಅಂದ್ರ ಐದು ಮಾರ್ಕಿನ ಪ್ರಶ್ನೆ ಆಗ್ಯಾರ. ಹಿರೇಕೆರೂರು ಕಡೆ ಅಬಲೂರಿನ ಸರ್ವಜ್ಞನ ಕಥಿನೂ ಅಷ್ಟ. ‘ಜಗ್ ಚಂಗಾ’ ಷರೀಫರನ್ನ ಪಠ್ಯದಿಂದ ಎಬ್ಬಿಸಿ, ಹಿಂದಿ, ಇಂಗ್ಲಿಷ್ ಹಾಡಿನ ಪಕ್ಕದಾಗ ಸಮ ಸಮ ಕುಂಡ್ರಿಸಿ, ನಮ್ಮ ಇಯರ್‌ಫೋನಿಗೆ ತಂದೈತಿ. ಇದನ್ನ ನಾವೇ ಕೇಳದಿದ್ರ, ಇನ್ಯಾರು ಕೇಳಬೇಕು?

ಶಫಲ್ ಆಫ್ ಮಾಡ್ರಿ, ಮೊದಲಿಂದ ಕಡೀತನಕ ಒಂದು ಸಲ ಕೇಳ್ರಿ. ಆಮ್ಯಾಲೂ ಮೊದಲನೇದೇ ಛಲೋ ಅನಿಸಿದ್ರ ಕಾಮೆಂಟಿನಾಗ ಬರ್ರಿ, ಜಗಳಾಡೂಣು.

#ಜಗ್‌ಚಂಗಾ #ಶಿಶುನಾಳಷರೀಫ #ಕೇಳದೇಬಿಟ್ಟಹಾಡು