ಜೇನಿಗೆ ಒಂದು ಚಮಚ ಸಕ್ಕರೆ ನೀರು: ಈ ಫಾರ್ವರ್ಡ್ ನಂಬಬಹುದೇ? ಕೀಟಗಳಿಗೆ ನಾವು ನಿಜವಾಗಿ ಮಾಡಬಹುದಾದ್ದೇನು?

ಬೇಸಿಗೆ ಶುರುವಾದರೆ ಸಾಕು, ಆ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಹಾಜರ್. ವನ್ಯಜೀವಿ ಸಾಕ್ಷ್ಯಚಿತ್ರಗಳಿಂದ ಜಗತ್ತಿಗೇ ಪರಿಚಿತರಾದ ಡೇವಿಡ್ ಆಟನ್‌ಬರೊ ಅವರ ಫೋಟೊ, ಪಕ್ಕದಲ್ಲೊಂದು ಚಮಚ. "ದಣಿದು ಬಿದ್ದ ಜೇನ್ನೊಣಗಳಿಗಾಗಿ ಎರಡು ಚಮಚ ಸಕ್ಕರೆಗೆ ಒಂದು ಚಮಚ ನೀರು ಬೆರೆಸಿ ಮನೆಯ ಹೊರಗೆ ಇಡಿ, ಭೂಮಿಯನ್ನು ಉಳಿಸಿ, ಎಲ್ಲರಿಗೂ ಕಳುಹಿಸಿ" ಎಂಬ ಅರ್ಥದ ನಾಲ್ಕು ಸಾಲು. ಕೆಳಗೆ ಹತ್ತಾರು ಕೈಮುಗಿದ ಇಮೋಜಿಗಳು. ನಿಮಗೂ ಬಂದಿರಬಹುದು, ನೀವೂ ಕಳುಹಿಸಿರಬಹುದು. ನಾನೂ ಒಮ್ಮೆ ಕಳುಹಿಸಿದ್ದೇನೆ.

ಆಟನ್‌ಬರೊ ಹೀಗೆ ಹೇಳಿಲ್ಲ. 2018ರಲ್ಲಿ ಅವರ ಹೆಸರಿನಲ್ಲಿದ್ದ ನಕಲಿ ಫೇಸ್‌ಬುಕ್ ಪುಟವೊಂದು ಹಾಕಿದ ಪೋಸ್ಟ್ ಅದು. ಅದು ಅವರದ್ದಲ್ಲ ಎಂದು ಬಿಬಿಸಿ ಆಗಲೇ ಹೇಳಿತ್ತು, ಪುಟವನ್ನೂ ತೆಗೆದುಹಾಕಲಾಯಿತು. ಅಷ್ಟರಲ್ಲಿ ಪೋಸ್ಟ್ ಲಕ್ಷಾಂತರ ಜನರ ಕೈ ದಾಟಿತ್ತು.

"ಯಾರು ಹೇಳಿದರೇನು, ಸಕ್ಕರೆ ನೀರು ಇಟ್ಟರೆ ತಪ್ಪೇನು?" ಎಂದು ನನ್ನ ಚಿಕ್ಕಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ನೆಲದ ಮೇಲೆ ಒದ್ದಾಡುತ್ತಿರುವ ಒಂದು ಜೇನ್ನೊಣಕ್ಕೆ ಒಂದು ಹನಿ ಕೊಟ್ಟರೆ ತಪ್ಪಿಲ್ಲ. ತಟ್ಟೆಗಟ್ಟಲೆ ತೆರೆದಿಟ್ಟಾಗ ತೊಂದರೆ ಶುರುವಾಗುತ್ತದೆ. ಬೇರೆ ಬೇರೆ ಗೂಡಿನ ಜೇನುಗಳು ಒಂದೇ ತಟ್ಟೆಗೆ ಬಂದು ಮುತ್ತುತ್ತವೆ, ಒಂದು ಗೂಡಿನ ರೋಗ ಇನ್ನೊಂದಕ್ಕೆ ಸಾಗುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಕೇರಳ, ಕೊಡಗು ಸೇರಿದಂತೆ ದಕ್ಷಿಣ ಭಾರತದಲ್ಲಿ ಹಬ್ಬಿ ತುಡುವೆ ಜೇನಿನ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿತ್ತು. ಅನುಭವಸ್ಥ ಜೇನು ಸಾಕಣೆದಾರರು ಸಕ್ಕರೆ ಪಾಕ ಕೊಡಬೇಕಾಗಿ ಬಂದರೂ ಬಯಲಲ್ಲಿ ಇಡುವುದಿಲ್ಲ, ಪೆಟ್ಟಿಗೆಯೊಳಗೇ ಇಡುತ್ತಾರೆ. ಇನ್ನು ಸಕ್ಕರೆಯಲ್ಲಿ ಪರಾಗದ ಪ್ರೋಟೀನ್ ಇಲ್ಲ. ಮರಿಗಳಿಗೆ ಬೇಕಾದ್ದು ಅದೇ.

ಸಕ್ಕರೆ ನೀರೇ ಜೇನಿಗೆ ಉರುಳಾದ ಉದಾಹರಣೆ ನಮ್ಮ ಪಕ್ಕದ ರಾಜ್ಯದಲ್ಲೇ ಇದೆ. ತಮಿಳುನಾಡಿನ ಸಂಶೋಧಕರು ಕಾಫಿ ಅಂಗಡಿಗಳ ಹಿಂದೆ ಬಿಸಾಡಿದ ಪೇಪರ್ ಕಪ್‌ಗಳನ್ನು ಗಮನಿಸಿದರು. ತಳದಲ್ಲಿ ಉಳಿದ ಸಿಹಿಗೆ ಬಂದ ಜೇನುಗಳು ಅಲ್ಲೇ ಮುಳುಗಿ ಸಾಯುತ್ತಿದ್ದವು. ಐದು ಅಂಗಡಿ, ಮೂವತ್ತು ದಿನ, ಎಣಿಸಿದಾಗ ಸಿಕ್ಕ ಸತ್ತ ಜೇನುಗಳು 25 ಸಾವಿರಕ್ಕೂ ಹೆಚ್ಚು. ಈ ವರದಿ 2011ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಪ್ಪನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಿ ಎಂಬ ಫಾರ್ವರ್ಡ್ ಮಾತ್ರ ನನಗೆ ಇದುವರೆಗೂ ಬಂದಿಲ್ಲ.

ಐನ್‌ಸ್ಟೈನ್ ಮತ್ತು ನಾಲ್ಕು ವರ್ಷದ ಲೆಕ್ಕ

ಜೇನಿನ ಮೆಸೇಜುಗಳಲ್ಲಿ ಎರಡನೆಯ ಖಾಯಂ ಅತಿಥಿ ಐನ್‌ಸ್ಟೈನ್. ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ ಎಂದು ಅವರು ಹೇಳಿದರಂತೆ. ಐನ್‌ಸ್ಟೈನ್ ಬರಹಗಳಲ್ಲಿ ಈ ಮಾತು ಸಿಕ್ಕಿಲ್ಲ. ಅದು ಜೋರಾಗಿ ಹರಡಿದ್ದು 1994ರಲ್ಲಿ, ಬ್ರಸೆಲ್ಸ್‌ನಲ್ಲಿ ಜೇನು ಸಾಕಣೆದಾರರ ಪ್ರತಿಭಟನೆಯೊಂದರ ಕರಪತ್ರದ ಮೂಲಕ. ಆ ಹೊತ್ತಿಗೆ ಐನ್‌ಸ್ಟೈನ್ ತೀರಿಕೊಂಡು ಸುಮಾರು ನಾಲ್ಕು ದಶಕ ಕಳೆದಿತ್ತು.

ಲೆಕ್ಕವೂ ಕೂಡುವುದಿಲ್ಲ. ಭತ್ತ, ರಾಗಿ, ಗೋಧಿ, ಜೋಳ ಇವಕ್ಕೆ ಜೇನು ಬೇಕಿಲ್ಲ, ಗಾಳಿಯಿಂದಲೋ ಸ್ವಕೀಯ ಪರಾಗಸ್ಪರ್ಶದಿಂದಲೋ ಕಾಳು ಕಟ್ಟುತ್ತವೆ. ಹಾಗೆಂದು ನಿರಾಳವಾಗುವಂತೆಯೂ ಇಲ್ಲ. ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಾಣಿಗಳ, ಮುಖ್ಯವಾಗಿ ಕೀಟಗಳ, ಪರಾಗಸ್ಪರ್ಶದಿಂದ ಅಷ್ಟೋ ಇಷ್ಟೋ ಲಾಭ ಪಡೆಯುತ್ತವೆ. ಆ ಬೆಳೆಗಳು ಕೊಡುವುದು ಒಟ್ಟು ಇಳುವರಿಯ ತೂಕದಲ್ಲಿ ಸುಮಾರು 35 ಶೇಕಡ. ಅಂದರೆ ಮುದ್ದೆ ಇರುತ್ತದೆ. ಜೊತೆಗಿನ ಕುಂಬಳಕಾಯಿ, ಸೌತೆಕಾಯಿ, ಸಾಸಿವೆ, ಮಾವು, ಏಲಕ್ಕಿ ಕಡಿಮೆಯಾಗುತ್ತವೆ, ದುಬಾರಿಯಾಗುತ್ತವೆ.

ಇನ್ನೊಂದು ಇದೆ: "ಜೇನನ್ನು ಭೂಮಿಯ ಅತಿ ಮುಖ್ಯ ಜೀವಿ ಎಂದು ವಿಜ್ಞಾನಿಗಳು ಅಧಿಕೃತವಾಗಿ ಘೋಷಿಸಿದ್ದಾರೆ." ಅದು 2008ರಲ್ಲಿ ಲಂಡನ್ನಿನಲ್ಲಿ ಅರ್ತ್‌ವಾಚ್ ಸಂಸ್ಥೆ ನಡೆಸಿದ ಒಂದು ಚರ್ಚಾಸ್ಪರ್ಧೆ. ಜೇನು, ಬಾವಲಿ, ಶಿಲೀಂಧ್ರ, ಪ್ಲಾಂಕ್ಟನ್, ವಾನರಗಳ ಪರವಾಗಿ ಒಬ್ಬೊಬ್ಬರು ವಾದಿಸಿದರು, ಸಭಿಕರು ಮತ ಹಾಕಿದರು, ಜೇನು ಗೆದ್ದಿತು. ಅಷ್ಟೇ.

ಇವನ್ನೆಲ್ಲ ಬಿಡಿಸಿ ಹೇಳುವುದರಲ್ಲಿ ನನಗೆ ಒಂದು ಸಣ್ಣ ಅಳುಕಿದೆ. ಫಾರ್ವರ್ಡ್ ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಬಟನ್ ಒತ್ತಿದ ಕೂಡಲೇ ಏನೋ ಮಾಡಿದ ಸಮಾಧಾನ ಬಂದುಬಿಡುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಗ್ರೂಪಿನಲ್ಲಿ ಸಕ್ಕರೆ ನೀರಿನ ಮೆಸೇಜಿಗೆ ಚಪ್ಪಾಳೆ ಬಿದ್ದ ವಾರವೇ ನಾಲ್ಕನೇ ಮಹಡಿಯ ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಿತು. ಎರಡೇ ದಿನದಲ್ಲಿ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ ರಾತ್ರಿ ಔಷಧಿ ಹೊಡೆಸಿದರು. ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಕಪ್ಪು ರಾಶಿ, ಗುಡಿಸುವವರ ಕೈಯಲ್ಲಿ ಪೊರಕೆ, ಕೆಲವು ಇನ್ನೂ ಕಾಲಾಡಿಸುತ್ತಿದ್ದವು. ನಾನು ಆಗ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಏನು ಬರೆಯಬೇಕೆಂದೇ ಗೊತ್ತಿರಲಿಲ್ಲ.

ಎಣಿಸುವವರು

ಕೀಟ ಸಂರಕ್ಷಣೆಯಲ್ಲಿ ಸ್ವಯಂಸೇವಕರು ಎಂದರೆ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವವರು ಎಂದುಕೊಂಡಿದ್ದೆ. ಓದುತ್ತಾ ಹೋದಾಗ ತಿಳಿದದ್ದು, ಅವರ ದೊಡ್ಡ ಕೊಡುಗೆ ತೀರಾ ನೀರಸವಾದ ಕೆಲಸ: ಎಣಿಸುವುದು.

'ಕೀಟಗಳು ಕಣ್ಮರೆಯಾಗುತ್ತಿವೆ' ಎಂಬ ಸುದ್ದಿ ಜಗತ್ತನ್ನು ಬೆಚ್ಚಿಸಿದ್ದು 2017ರಲ್ಲಿ. ಜರ್ಮನಿಯ 63 ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳ ಅವಧಿಯಲ್ಲಿ ಹಾರುವ ಕೀಟಗಳ ಒಟ್ಟು ತೂಕ 76 ಶೇಕಡಕ್ಕೂ ಹೆಚ್ಚು ಕುಸಿದಿತ್ತು. ಇದನ್ನು ಯಾವ ಉಪಗ್ರಹವೂ ಕಂಡುಹಿಡಿದದ್ದಲ್ಲ. ಕ್ರೇಫೆಲ್ಡ್ ಎಂಬ ಊರಿನ ಹವ್ಯಾಸಿಗಳ ಕೀಟಶಾಸ್ತ್ರ ಸಂಘದವರು ವರ್ಷವರ್ಷವೂ ಒಂದೇ ಬಗೆಯ ಬಲೆ ಕಟ್ಟಿ, ಬಿದ್ದ ಕೀಟಗಳನ್ನು ಬಾಟಲಿಯಲ್ಲಿ ತುಂಬಿ, ತೂಗಿ, ಬರೆದಿಟ್ಟಿದ್ದರು. ಬ್ರಿಟನ್ನಿನಲ್ಲಿ 1976ರಿಂದ ಚಿಟ್ಟೆಗಳ ಎಣಿಕೆ ನಡೆಯುತ್ತಿದೆ. ಸ್ವಯಂಸೇವಕರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆಯುತ್ತಾರೆ. ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ ಮೀಟರ್, ಮುಂದೆ ಐದು ಮೀಟರ್. ಆ ಅದೃಶ್ಯ ಪೆಟ್ಟಿಗೆಯೊಳಗೆ ಕಂಡ ಚಿಟ್ಟೆಗಳನ್ನು ಮಾತ್ರ ಎಣಿಸುತ್ತಾರೆ.

ಇಂಥ ಲೆಕ್ಕ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. 'ನೂರು ವರ್ಷದಲ್ಲಿ ಕೀಟಗಳೇ ಇರುವುದಿಲ್ಲ' ಎಂಬ ತಲೆಬರಹಗಳು 2019ರಲ್ಲಿ ಬಂದವು. 2020ರಲ್ಲಿ ಪ್ರಕಟವಾದ, ಹಲವು ದೇಶಗಳ ದೀರ್ಘಕಾಲದ ಎಣಿಕೆಗಳನ್ನು ಒಟ್ಟುಗೂಡಿಸಿದ ಅಧ್ಯಯನ ಚಿತ್ರವನ್ನು ಸ್ವಲ್ಪ ಬದಲಿಸಿತು. ನೆಲದ ಕೀಟಗಳು ದಶಕಕ್ಕೆ ಸುಮಾರು 9 ಶೇಕಡ ಇಳಿಯುತ್ತಿದ್ದರೆ, ಸಿಹಿನೀರಿನ ಕೀಟಗಳು ಸುಮಾರು 11 ಶೇಕಡ ಏರುತ್ತಿದ್ದವು. ಆ ಅಂಕಿಗಳಲ್ಲಿ ಹೆಚ್ಚಿನವು ಯುರೋಪ್ ಮತ್ತು ಉತ್ತರ ಅಮೆರಿಕದವು. ನಮ್ಮ ಕೆರೆ, ನಮ್ಮ ತೋಟ, ನಮ್ಮ ಬೀದಿ ದೀಪದ ಬಗ್ಗೆ ಅವು ಹೇಳುವುದು ಕಡಿಮೆ. "ನಾವು ಚಿಕ್ಕವರಿದ್ದಾಗ ಮಿಣುಕುಹುಳು ಎಷ್ಟಿದ್ದವು ಗೊತ್ತಾ" ಎಂದು ಅಜ್ಜಿ ಹೇಳುವುದನ್ನು ನಾನು ನಂಬುತ್ತೇನೆ. ಆದರೆ ಎಷ್ಟಿದ್ದವು ಎಂದು ಯಾರೂ ಬರೆದಿಡಲಿಲ್ಲ.

ಎಣಿಕೆ ಬಿಡಿ, ಇಲ್ಲಿ ಏನೇನಿದೆ ಎಂಬುದೇ ಪೂರ್ತಿ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಸಿಕ್ಕ ಇರುವೆಯೊಂದು ವಿಜ್ಞಾನಕ್ಕೆ ಹೊಸ ಪ್ರಭೇದ ಎಂದು ತಿಳಿದದ್ದು 2006ರಲ್ಲಿ. ಅದಕ್ಕೆ ಊರಿನ ಹೆಸರೇ ಸೇರಿದೆ: ಡೈಲೊಬೊಕಾಂಡೈಲಾ ಬ್ಯಾಂಗಲೋರಿಕಾ.

ಫೋನು ಹೇಗೂ ಕೈಯಲ್ಲೇ ಇದೆ

ಫಾರ್ವರ್ಡ್ ಮಾಡುವ ಫೋನಿನಿಂದಲೇ ಇದನ್ನು ಶುರುಮಾಡಬಹುದು. ಐನ್ಯಾಚುರಲಿಸ್ಟ್ ಎಂಬ ಉಚಿತ ಆ್ಯಪ್ ಇದೆ. ಕಂಡ ಹುಳುವಿನ ಫೋಟೊ, ದಿನಾಂಕ, ಸ್ಥಳ ಹಾಕಿದರೆ ಬೇರೆ ಸದಸ್ಯರು ಅದು ಯಾವುದೆಂದು ಗುರುತಿಸಲು ನೆರವಾಗುತ್ತಾರೆ. ಸಾಕಷ್ಟು ಜನ ಒಪ್ಪಿದ ಮೇಲೆ ಆ ದಾಖಲೆ ಸಂಶೋಧಕರು ಬಳಸುವ ಜಾಗತಿಕ ಕಣಜಕ್ಕೆ ಸೇರುತ್ತದೆ. ಭಾರತದ್ದೇ ಆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ. ಚಿಟ್ಟೆಗಳಿಗೆಂದೇ 'ಬಟರ್‌ಫ್ಲೈಸ್ ಆಫ್ ಇಂಡಿಯಾ' ಜಾಲತಾಣವಿದೆ. ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ಬರುತ್ತದೆ. ಅಮೆರಿಕದಲ್ಲಿ 2012ರಲ್ಲಿ ಶುರುವಾದದ್ದು, ಈಗ ನಮ್ಮಲ್ಲೂ ನಡೆಯುತ್ತದೆ. ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ 'ಬಿಗ್ ಬಟರ್‌ಫ್ಲೈ ಮಂತ್' ಎಣಿಕೆ. ಯಾವುದಕ್ಕೂ ಡಿಗ್ರಿ ಬೇಡ. ನಾನು ಓದಿದ್ದು ಸಂವಹನ, ಪಿಯುಸಿ ನಂತರ ಜೀವಶಾಸ್ತ್ರದ ಪುಸ್ತಕ ಮುಟ್ಟಿದವಳಲ್ಲ.

ನನಗೆ ಹಿಡಿಸಿದ್ದು ಪತಂಗ. ಟೆರೇಸಿನಲ್ಲಿ ಬಿಳಿ ಪಂಚೆ ಕಟ್ಟಿ, ಮುಂದೊಂದು ಬಲ್ಬು ಹಚ್ಚಿ ಕುಳಿತರೆ ಆಯಿತು. ಮೊದಲ ರಾತ್ರಿ ಮೂರು ಬಂದವು. ಅಮ್ಮ "ಇಷ್ಟಕ್ಕೆ ಪಂಚೆ ಹಾಳುಮಾಡಿದೆಯಾ" ಎಂದರು. ಮಳೆ ಬಂದ ಮರುದಿನ ರಾತ್ರಿ ಎಣಿಸಲಾಗದಷ್ಟು. ಒಂದು ಪಾಠವನ್ನು ತಡವಾಗಿ ಕಲಿತೆ: ರಾತ್ರಿಯಿಡೀ ದೀಪ ಬಿಟ್ಟರೆ ಬೆಳಗಿನ ಜಾವ ಕಾಜಾಣಗಳು ಬಂದು ಪಂಚೆಯ ಮೇಲಿನದ್ದನ್ನೆಲ್ಲ ಹೆಕ್ಕಿ ತಿಂದುಬಿಡುತ್ತವೆ. ಎರಡು ಗಂಟೆ ನೋಡಿ, ದೀಪ ಆರಿಸಿ, ಬಟ್ಟೆಯನ್ನು ಗಿಡಗಳ ಮೇಲೆ ಮೆಲ್ಲಗೆ ಕೊಡವಬೇಕು.

ಹಿಡಿದು ಪಿನ್ನು ಚುಚ್ಚಿ ಸಂಗ್ರಹಿಸುವ ಆಸೆ ಬೇಡ. ಹಲವು ಚಿಟ್ಟೆ, ಜೀರುಂಡೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹುಲಿಗೆ ಇರುವಂತೆಯೇ. ಫೋಟೊ ಸಾಕು.

ಹಾಗೆಯೇ ಕಂಡದ್ದನ್ನೆಲ್ಲ ಕಾಪಾಡಲು ಹೋಗುವುದೂ ತಪ್ಪು. ಮಳೆಗಾಲದಲ್ಲಿ ಗೋಡೆ ಹತ್ತುವ ಅಂಗೈ ಅಗಲದ ಆಫ್ರಿಕನ್ ಬಸವನಹುಳು ಇಲ್ಲಿನದ್ದಲ್ಲ. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಕ್ಕೆ ಒಬ್ಬರು ತಂದು ಬಿಟ್ಟದ್ದು, ಈಗ ಕೊಡಗಿನ ಕಾಫಿ ತೋಟದವರ ತಲೆನೋವು. ಪಾಪ ಎಂದು ಅದನ್ನು ಪಕ್ಕದ ತೋಟಕ್ಕೆ ಬಿಟ್ಟು ಬರಬೇಡಿ.

ಹೆಜ್ಜೇನಿನ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನವರ ಮನೆ ಬಾಗಿಲಿಗೆ ಬರುವ ನಿಜವಾದ ಪ್ರಶ್ನೆ ಅದೇ. ಅದು ಅಪಾಯವಿಲ್ಲದ ಜೀವಿ ಎಂದು ನಾನು ಹೇಳುವುದಿಲ್ಲ. ಗುಂಪಾಗಿ ಕಚ್ಚಿದರೆ ಪ್ರಾಣ ಹೋಗಬಹುದು, ಅಲರ್ಜಿ ಇರುವವರಿಗೆ ಒಂದೇ ಕಡಿತ ಸಾಕಾಗಬಹುದು. ಬಾಲ್ಕನಿಗೆ ಕೈಗೆಟುಕುವಷ್ಟು ಹತ್ತಿರ, ಅಥವಾ ಶಾಲೆಯ ಬಾಗಿಲ ಮೇಲೆ ಕಟ್ಟಿದ್ದರೆ ತೆಗೆಸಲೇಬೇಕು. ಆಗಲೂ ಕೊಲ್ಲದೆ ಸ್ಥಳಾಂತರಿಸಲು ಬಲ್ಲವರನ್ನು ಕರೆಸಿ, ನೀವೇ ಹೊಗೆ ಹಾಕಲು ಹೋಗಬೇಡಿ.

ಆದರೆ ಕೈಗೆಟುಕದ ಎತ್ತರದಲ್ಲಿದ್ದರೆ? ಹೆಜ್ಜೇನು ವಲಸೆ ಜೀವಿ. ಹೂವಿನ ಹಂಗಾಮಿಗೆ ಬರುತ್ತದೆ, ಮುಗಿದ ಮೇಲೆ ತಾನೇ ಎದ್ದು ಹೋಗುತ್ತದೆ, ಖಾಲಿ ಹಲ್ಲೆ ಉಳಿಯುತ್ತದೆ. ಔಷಧಿ ಹೊಡೆಸಿದರೂ ಮುಂದಿನ ವರ್ಷ ಇನ್ನೊಂದು ಹಿಂಡು ಅದೇ ಸಜ್ಜಾಕ್ಕೆ ಬರಬಹುದು, ಅವು ಹಳೆಯ ಜಾಗಗಳನ್ನು ಹುಡುಕಿ ಬರುವುದಕ್ಕೆ ಹೆಸರಾದವು. ಗೂಡಿನ ಮೇಲೆ ಅಲೆಯಂತೆ ಮಿನುಗುವುದು ಕಂಡರೆ ಹೆದರಬೇಡಿ, ಅದು ಕಣಜದಂಥ ಶತ್ರುಗಳನ್ನು ದೂರವಿಡುವ ಅವುಗಳ ರೀತಿ. ರಾತ್ರಿ ಮನೆಯೊಳಗೆ ನುಗ್ಗಿ ಟ್ಯೂಬ್‌ಲೈಟಿನ ಕೆಳಗೆ ಬೀಳುವುದು ದಾಳಿಯಲ್ಲ, ಬೆಳಕಿಗೆ ಬರುವುದು. ಆ ಕಡೆಯ ದೀಪ ಆರಿಸಿದರೆ, ಕಿಟಕಿಗೆ ಜಾಲರಿ ಇದ್ದರೆ ಗ್ರೂಪಿಗೆ ಬರುವ ದೂರುಗಳಲ್ಲಿ ಅರ್ಧ ಮುಗಿಯುತ್ತದೆ.

ಕಳೆದ ವರ್ಷ ನಮ್ಮಲ್ಲಿ ಅದೇ ಸಜ್ಜಾಕ್ಕೆ ಮತ್ತೆ ಬಂದವು. ಈ ಸಲ ಗ್ರೂಪಿನಲ್ಲಿ ಬರೆದೆ, ಉದ್ದ ಪ್ರಬಂಧವಲ್ಲ, ಮೇಲಿನ ಪ್ಯಾರಾದಲ್ಲಿರುವಷ್ಟೇ. ವಾಗ್ವಾದ ಆಯಿತು. ಮೂರನೇ ಮಹಡಿಯಲ್ಲಿ ಚಿಕ್ಕ ಮಗುವಿರುವ ದಂಪತಿಯ ಆತಂಕ ಸುಳ್ಳಲ್ಲ, ಅವರ ಕಿಟಕಿಗೆ ಜಾಲರಿ ಹಾಕಿಸಲು ಸಂಘದ ದುಡ್ಡು ಕೊಡುವುದೆಂದಾಯಿತು. ಸಜ್ಜಾದ ಹತ್ತಿರದ ಕಾರಿಡಾರ್ ಬಲ್ಬನ್ನು ವಾಚ್‌ಮನ್ ರಾತ್ರಿ ಒಂಬತ್ತಕ್ಕೆ ಆರಿಸತೊಡಗಿದರು. ಪಟಾಕಿ ಆ ಬದಿಯಲ್ಲಿ ಬೇಡ ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದೆವು. ನಾನು ವಾರಕ್ಕೊಮ್ಮೆ ಎದುರಿನ ಟೆರೇಸಿನಿಂದ ಗೂಡಿನ ಫೋಟೊ ತೆಗೆದು ದಿನಾಂಕದೊಡನೆ ಆ್ಯಪಿಗೆ ಹಾಕಿದೆ. ಇಬ್ಬರಿಗೆ ಕಡಿತವಾಯಿತು, ಒಬ್ಬರು ನಾನೇ, ರಾತ್ರಿ ಚಪ್ಪಲಿ ಹಾಕದೆ ಬಾಲ್ಕನಿಗೆ ಹೋದದ್ದಕ್ಕೆ. ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ ನೋಡಿದರೆ ಮೇಣದ ಹಲ್ಲೆ ಮಾತ್ರ ನೇತಾಡುತ್ತಿತ್ತು. ಮೂರನೇ ಮಹಡಿಯ ದಂಪತಿಯೇ ಮೊದಲು ಫೋಟೊ ಹಾಕಿ, "ಹೋದವಾ?" ಎಂದು ಕೇಳಿದ್ದರು.