ಅಳೆಯುವ ಕೋಲು, ಬೆಳೆಯುವ ಮಗು

ಪರೀಕ್ಷೆಯೆಂದೊಡನೆ ನಮ್ಮ ತಲೆಮಾರಿನವರ ಕಣ್ಣಮುಂದೆ ಒಂದೇ ಚಿತ್ರ ನಿಲ್ಲುತ್ತದೆ: ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನಪತ್ರಿಕೆ, ಒಂದೇ ಅವಧಿ, ನೂರಕ್ಕೆ ಇಷ್ಟು ಎಂಬ ಅಂಕ. ನಾವು ಹಾಗೆಯೇ ಕಲಿತೆವು, ಹಾಗೆಯೇ ಕಲಿಸಿದೆವು. ಆದರೆ ಈಗ ಇನ್ನೊಂದು ಬಗೆಯ ಪರೀಕ್ಷೆ ಶಾಲೆಗಳ ಬಾಗಿಲಿಗೆ ಬಂದು ನಿಂತಿದೆ. ಅದು ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಅದಕ್ಕೆ ಮಕ್ಕಳನ್ನು ಹೇಗೆ ಸಿದ್ಧಗೊಳಿಸಬೇಕೆಂಬ ವಿಷಯದಲ್ಲಿ ನಾಲ್ಕು ಮಾತುಗಳನ್ನು ಈ ಸಂಚಿಕೆಯ ಮೂಲಕ ಗುರುಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡಲು ಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿದ್ದೆ. ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆಸೆದು ಅಳತೊಡಗಿದಳು. "ಅಜ್ಜಾ, ಅರ್ಧಕ್ಕರ್ಧ ಲೆಕ್ಕ ನನಗೆ ತಿಳಿಯಲೇ ಇಲ್ಲ. ನಾನು ದಡ್ಡಿ" ಎಂದಳು. ಆಕೆಯ ತಂದೆ ಎರಡು ವಾರ ಪ್ರತಿ ಸಂಜೆಯೂ ಮಾದರಿ ಪ್ರಶ್ನೆಗಳ ಪುಸ್ತಕವನ್ನು ಹಿಡಿದು ಆಕೆಯನ್ನು ಕೂರಿಸಿದ್ದ. ಅಷ್ಟಾದರೂ ಹೀಗೇಕಾಯಿತೆಂದು ಅವನಿಗೂ ಚಿಂತೆ. ಆ ಪರೀಕ್ಷೆಯ ಬಗೆಯನ್ನು ವಿಚಾರಿಸಿ ತಿಳಿದ ಮೇಲೆ, ಮಗು ಸೋತಿರಲಿಲ್ಲ, ನಾವು ಹಿರಿಯರೇ ಅದನ್ನು ಅರಿಯದೆ ಹೋದೆವು ಎಂಬುದು ನನಗೆ ಮನವರಿಕೆಯಾಯಿತು.

ಅಲ್ಲಿನ ಶಾಲೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಇಂಥ ಪರೀಕ್ಷೆಗಳಲ್ಲಿ 'ಮ್ಯಾಪ್ ಗ್ರೋತ್' ಎಂಬುದು ಒಂದು. ಗಣಕಯಂತ್ರವು ಮೊದಲು ಒಂದು ನಡುಮಟ್ಟದ ಪ್ರಶ್ನೆಯನ್ನು ಮುಂದಿಡುತ್ತದೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಾದರೆ ಸುಲಭ. ಹೀಗೆ ಏರುತ್ತ ಇಳಿಯುತ್ತ ಅದು ಮಗುವಿನ ನೆಲೆಯನ್ನು ಕಂಡುಕೊಳ್ಳುತ್ತದೆ. ಆದ್ದರಿಂದ ಜಾಣ ಮಗುವಾಗಲಿ, ಹಿಂದುಳಿದ ಮಗುವಾಗಲಿ, ಸುಮಾರು ಅರ್ಧದಷ್ಟು ಪ್ರಶ್ನೆಗಳಿಗೆ ಮಾತ್ರ ಸರಿಯುತ್ತರ ಕೊಡುವುದು ಈ ಪರೀಕ್ಷೆಯ ಸ್ವಭಾವವೇ ಆಗಿದೆ. ಇಲ್ಲಿ ಎಣಿಕೆಯಾಗುವುದು ಎಷ್ಟು ಸರಿ ಎಂಬುದಲ್ಲ, ಎಷ್ಟು ಕಠಿಣವಾದುದನ್ನು ಮಗು ನಿಭಾಯಿಸಿತು ಎಂಬುದು. ಡೆನ್ಮಾರ್ಕಿನ ಗಣಿತಜ್ಞ ಗೇಯಾರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ವಿಧಾನದ ಮೇಲೆ ಈ ಅಳತೆಗೋಲು ನಿಂತಿದೆ. ಎಲ್ಲ ತರಗತಿಗಳಿಗೂ ಒಂದೇ ಕೋಲಾದುದರಿಂದ, ಬಾಗಿಲ ಚೌಕಟ್ಟಿನ ಮೇಲೆ ಗೆರೆ ಹಾಕಿ ಮಗುವಿನ ಎತ್ತರವನ್ನು ಗುರುತಿಸುವಂತೆ, ವರ್ಷದಿಂದ ವರ್ಷಕ್ಕೆ ಆದ ಬೆಳವಣಿಗೆಯನ್ನು ಕಾಣಬಹುದು.

ಇದು ಪರದೇಶದ ಮಾತು, ನಮಗೇಕೆ ಎಂದು ಯಾರಾದರೂ ಕೇಳಿಯಾರು. ಹೊರದೇಶಗಳಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಜಿಮ್ಯಾಟ್ ಪರೀಕ್ಷೆ 1997ರಲ್ಲಿಯೇ ಈ ಹಾದಿ ಹಿಡಿಯಿತು. ಸ್ಯಾಟ್ ಪರೀಕ್ಷೆಯೂ ಅಮೆರಿಕದ ಹೊರಗೆ 2023ರಿಂದ ಗಣಕಯಂತ್ರದ ಮೇಲೆ, ಮಟ್ಟವರಿತು ಪ್ರಶ್ನೆ ಕೇಳುವ ಬಗೆಗೆ ತಿರುಗಿತು. ಇನ್ನು ನಮ್ಮ ಹಳ್ಳಿಗಳನ್ನೇ ನೋಡೋಣ. 2005ರಿಂದ ಗ್ರಾಮೀಣ ಭಾರತದಲ್ಲಿ ನಡೆದು ಬಂದಿರುವ 'ಅಸರ್' ಸಮೀಕ್ಷೆಯಲ್ಲಿ ಸ್ವಯಂಸೇವಕರು ಮನೆಯಂಗಳಕ್ಕೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಮೊದಲು ಒಂದನೆಯ ತರಗತಿಯ ಮಟ್ಟದ ಸಣ್ಣ ವಾಕ್ಯವೃಂದ. ಅದನ್ನು ಓದಿದರೆ ಎರಡನೆಯ ತರಗತಿಯ ಮಟ್ಟದ ಕಥೆ. ಓದಲಾಗದಿದ್ದರೆ ಬಿಡಿಪದಗಳು, ಅದೂ ಆಗದಿದ್ದರೆ ಅಕ್ಷರಗಳು. ಗಣಿತದಲ್ಲಿಯೂ ಎರಡಂಕಿಯ ಕಳೆಯುವ ಲೆಕ್ಕದಿಂದ ತೊಡಗಿ, ಬಂದರೆ ಭಾಗಾಕಾರಕ್ಕೆ ಏರುತ್ತಾರೆ, ಬಾರದಿದ್ದರೆ ಅಂಕಿ ಗುರುತಿಸುವುದಕ್ಕೆ ಇಳಿಯುತ್ತಾರೆ. ಯಂತ್ರವಿಲ್ಲದಿದ್ದರೂ ತತ್ತ್ವ ಅದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯ ಕಲಿಕಾ ಏಣಿಯೂ ಮಗು ನಿಂತ ಮೆಟ್ಟಿಲಿನಿಂದಲೇ ಮುಂದಕ್ಕೆ ನಡೆಸುವ ವಿಧಾನವಲ್ಲವೇ?

ಹೀಗಿರುವಲ್ಲಿ ಸಿದ್ಧತೆಯೆಂದರೇನು? ಪ್ರಶ್ನೋತ್ತರಗಳನ್ನು ಕಂಠಪಾಠ ಮಾಡಿಸುವುದು ಇಲ್ಲಿ ವ್ಯರ್ಥ. ಪಕ್ಕದ ಮಗುವಿಗೆ ಬಂದ ಪ್ರಶ್ನೆ ಈ ಮಗುವಿಗೆ ಬರುವುದಿಲ್ಲ. ಒಂದು ವೇಳೆ ಉಪಾಯದಿಂದ ಮಗುವನ್ನು ಎರಡು ಮೆಟ್ಟಿಲು ಮೇಲಕ್ಕೆ ತೋರಿಸಿದೆವೆನ್ನಿ. ಅದರಿಂದ ಮೋಸಹೋಗುವವರು ಯಾರು? ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ವೈದ್ಯರ ಕೈಗೆ ಕೊಟ್ಟಂತೆ. ಔಷಧಿ ತಪ್ಪುತ್ತದೆ, ಜ್ವರ ಉಳಿಯುತ್ತದೆ. ಆದಕಾರಣ ನಿಜವಾದ ಸಿದ್ಧತೆಯು ವರ್ಷವಿಡೀ ನಡೆಯುವ ಕಲಿಕೆಯೇ ಹೊರತು ಪರೀಕ್ಷೆಯ ಹಿಂದಿನ ಹದಿನೈದು ದಿನಗಳ ಅವಸರವಲ್ಲ.

ಓದಿನ ವಿಷಯದಲ್ಲಿ ನನ್ನ ಸಲಹೆ ಸರಳವಾದುದು. ಪ್ರತಿದಿನ ಇಪ್ಪತ್ತು ನಿಮಿಷ ಮಗು ಗಟ್ಟಿಯಾಗಿ ಓದಲಿ, ಹಿರಿಯರೊಬ್ಬರು ಕೇಳಲಿ. ಕನ್ನಡದಲ್ಲಿ ಕಾಗುಣಿತ ಬಂದ ಮಗುವೂ ಒತ್ತಕ್ಷರದ ಮುಂದೆ ಎಡವುತ್ತದೆ. ಎಡವಿದ ಸ್ಥಳವನ್ನು ಗುರುತಿಸಿಕೊಂಡು ಅಲ್ಲಿಯೇ ತಿದ್ದಬೇಕು. ಓದಿ ಮುಗಿದ ಮೇಲೆ "ಏನಾಯಿತು?" ಎಂದಷ್ಟೇ ಕೇಳದೆ, "ಹಾಗೇಕೆ ಮಾಡಿದ? ನಿನಗೆ ಹೇಗೆ ತಿಳಿಯಿತು?" ಎಂದು ಕೇಳಬೇಕು. ಕಥೆಯ ಜೊತೆಗೆ ಪತ್ರಿಕೆಯ ಸುದ್ದಿ, ಬಸ್ಸಿನ ವೇಳಾಪಟ್ಟಿ, ಬೀಜದ ಚೀಲದ ಮೇಲಿನ ಸೂಚನೆ, ಇವೆಲ್ಲವೂ ಓದಿನ ಸಾಮಗ್ರಿಗಳೇ.

ಗಣಿತದಲ್ಲಿ ಉತ್ತರಕ್ಕಿಂತ ದಾರಿ ಮುಖ್ಯ. 52ರಲ್ಲಿ 27ನ್ನು ಕಳೆಯುವಾಗ ದಶಕವನ್ನು ಬಿಡಿಸಿಕೊಳ್ಳಬೇಕೆಂದು ತಿಳಿಯದ ಮಗು 7ರಿಂದ 2ನ್ನು ಕಳೆದು 35 ಎಂದು ಬರೆಯುತ್ತದೆ. ಇದು ಅಜಾಗ್ರತೆಯಲ್ಲ, ಸ್ಥಾನಬೆಲೆಯ ಅರಿವಿನ ಕೊರತೆ. ಹತ್ತು ಹತ್ತು ಕಡ್ಡಿಗಳ ಕಂತೆ ಕಟ್ಟಿ, ಒಂದು ಕಂತೆ ಬಿಚ್ಚಿ ತೋರಿಸಿದರೆ ನೂರು ಲೆಕ್ಕ ಮಾಡಿಸಿದ್ದಕ್ಕಿಂತ ಹೆಚ್ಚು ಫಲ ಬರುತ್ತದೆ. ನಮ್ಮ ಹಿರಿಯರ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಮರೆಯಬೇಕಾಗಿಲ್ಲ. ಸಂತೆಯಲ್ಲಿ ಮುಕ್ಕಾಲು ಕಿಲೋ ಕಡಲೆಯ ಬೆಲೆಯನ್ನು ಬಾಯಿಲೆಕ್ಕದಲ್ಲಿ ಹೇಳುವ ಮಗುವಿಗೆ ಭಿನ್ನರಾಶಿಯ ಭಯವಿರುವುದಿಲ್ಲ.

ಪರೀಕ್ಷೆಯ ದಿನಕ್ಕೆ ಬೇಕಾದುದು ಬಹಳ ಸ್ವಲ್ಪ. ಯಂತ್ರವನ್ನು ಮುಟ್ಟದ ಮಗುವಿಗೆ ಅದರ ಪರಿಚಯವಾಗಲೆಂದು ಒಂದೆರಡು ಬಾರಿ ಅಭ್ಯಾಸ ಮಾಡಿಸಬೇಕು. ಗ್ರಾಮಾಂತರದಿಂದ ಬಂದು ಪ್ರಸಾದನಿಲಯದಲ್ಲಿದ್ದು ಓದುವ ನಮ್ಮ ಮಕ್ಕಳಿಗೆ ಇದು ಅವಶ್ಯಕ, ಇಲ್ಲವಾದರೆ ಪರೀಕ್ಷೆಯು ಲೆಕ್ಕವನ್ನಲ್ಲ, ಬೆರಳಿನ ಚಳಕವನ್ನು ಅಳೆದೀತು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಗಣಿತ ಬಲ್ಲ ಮಗುವೂ ಭಾಷೆಯಲ್ಲಿ ಮುಗ್ಗರಿಸಬಹುದೆಂಬುದನ್ನು ಶಿಕ್ಷಕರು ನೆನಪಿಡಬೇಕು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ, ಬೆಳಿಗ್ಗೆ ಹೊಟ್ಟೆತುಂಬ ಉಪಾಹಾರ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ ಮಗುವಿಗೆ ಒಂದು ಮಾತು ಹೇಳಬೇಕು: "ಕಠಿಣ ಪ್ರಶ್ನೆ ಬಂತೆಂದರೆ ಹಿಂದಿನದನ್ನು ನೀನು ಚೆನ್ನಾಗಿ ಮಾಡಿರಬಹುದು. ಅವಸರ ಬೇಡ, ಊಹೆಯ ಮೇಲೆ ಗುಂಡಿ ಒತ್ತಬೇಡ, ಬಾರದಿದ್ದರೆ ಅಳಬೇಡ." ಮೊಮ್ಮಗಳಿಗೆ ಈ ಮಾತನ್ನು ಹೇಳಿದಾಗ ಆಕೆ ಕಣ್ಣೊರಸಿಕೊಂಡು, "ಹಾಗಾದರೆ ಅದು ನನ್ನನ್ನು ಹುಡುಕುತ್ತಿತ್ತೇ ಅಜ್ಜಾ?" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಆದರೆ ಹುಡುಕಿದ ಮೇಲೆ ಮುಂದೇನು? ಇದೇ ಮುಖ್ಯ ಪ್ರಶ್ನೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ಎಂಬವರು ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಒಂದು ಪರೀಕ್ಷೆಯನ್ನು ರಚಿಸಿದರು. ಮುಂದೆ ಬೇರೆಯವರ ಕೈಯಲ್ಲಿ ಅದೇ ಪರೀಕ್ಷೆ ಮಕ್ಕಳ ಹಣೆಗೆ ಮುದ್ರೆಯೊತ್ತುವ ಸಾಧನವಾಯಿತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಸೇವೆಗೆ ಸೇರಿದ ಹೊಸತರಲ್ಲಿ, ಐದನೆಯ ತರಗತಿಯ ಹುಡುಗನೊಬ್ಬನನ್ನು ಅಂಕ ಬಾರದವನೆಂದು ಕೊನೆಯ ಸಾಲಿನಲ್ಲಿ ಕೂರಿಸಿದ್ದೆ. ಅವನಿಗೆ ಒತ್ತಕ್ಷರಗಳೇ ಬಾರವೆಂದು ನನಗೆ ತಿಳಿಯುವಷ್ಟರಲ್ಲಿ ಅವನು ಶಾಲೆ ಬಿಟ್ಟು ದನ ಕಾಯಲು ಹೋಗಿದ್ದ. ನನ್ನ ಬಳಿ ಅವನ ಅಂಕವಿತ್ತು, ಅವನ ನೆಲೆ ಗೊತ್ತಿರಲಿಲ್ಲ. ಒಂದೇ ಒಂದು ದಿನ ಅವನ ಪಕ್ಕದಲ್ಲಿ ಕುಳಿತು ಓದಿಸಿದ್ದರೆ ತಿಳಿಯುತ್ತಿತ್ತು.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಶಿಕ್ಷಕರು ಇಂಥ ಪರೀಕ್ಷೆಯ ಫಲಿತಾಂಶವನ್ನು ಗೋಡೆಗೆ ಅಂಟಿಸಬಾರದು, ಕ್ರಮಾಂಕ ಕೊಡಬಾರದು. ಅದನ್ನು ನೋಡಿ ವಾರದಲ್ಲಿ ಕೆಲವು ಗಂಟೆಗಳಾದರೂ ತರಗತಿಯ ಬದಲು ಮಟ್ಟಕ್ಕನುಗುಣವಾಗಿ ಗುಂಪು ಮಾಡಿ ಕಲಿಸಬೇಕು. ಒಂದೇ ಬಾರಿಯ ಅಳತೆಯನ್ನು ನಂಬದೆ ಎರಡು ಮೂರು ಅಳತೆಗಳನ್ನು ಹೋಲಿಸಬೇಕು. ದಾನಿಗಳು ಗಣಕಯಂತ್ರಗಳನ್ನು ಕೊಡುವುದು ಸ್ತುತ್ಯವೇ, ಆದರೆ ಅದರೊಡನೆ ಪ್ರತಿ ಮಟ್ಟಕ್ಕೂ ಹೊಂದುವ ಕನ್ನಡ ಪುಸ್ತಕಗಳ ಕಪಾಟನ್ನೂ ಕೊಡಲಿ. ಅಳೆಯುವುದಕ್ಕೆ ಖರ್ಚು ಮಾಡಿ ಉಣಿಸುವುದಕ್ಕೆ ಹಿಂಜರಿದರೆ ಮಗು ಬೆಳೆಯುವುದೆಂತು? ಊರಿನಲ್ಲಿಯೇ ಇರುವ ಹಳೆಯ ವಿದ್ಯಾರ್ಥಿಗಳು ಶನಿವಾರ ಒಂದು ತಾಸು ಬಂದು ಐದು ಮಕ್ಕಳ ಓದನ್ನು ಕೇಳಿದರೂ ಅದು ದೊಡ್ಡ ದಾಸೋಹವೇ ಸರಿ.

ಕೋಲು ಎಷ್ಟೇ ನಿಖರವಾಗಿದ್ದರೂ ಅದರಿಂದ ಮಗು ಒಂದು ಅಂಗುಲವೂ ಎತ್ತರವಾಗುವುದಿಲ್ಲ. ಎತ್ತರವಾಗುವುದು ಕಲಿಸುವವರ ತಾಳ್ಮೆಯಿಂದ. ನಮ್ಮ ಶಾಲೆಯ ಕೊನೆಯ ಸಾಲಿನ ಮಗುವಿಗೂ ಆ ತಾಳ್ಮೆ ದೊರೆಯಲೆಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.