ಎರಡು ದೇಶಗಳ ಉಳಿತಾಯ ಮತ್ತು ನಮ್ಮ ಸಂಘದ ನಿಧಿ



ಕಳೆದ ತಿಂಗಳು ದಾವಣಗೆರೆಯಲ್ಲಿ ಸೇರಿದ್ದ ಸಭೆಯಲ್ಲಿ ಕೆಲವು ಸದಸ್ಯರು ಒಂದು ಪ್ರಶ್ನೆ ಎತ್ತಿದರು. ಧಾರಣೆ ಚೆನ್ನಾಗಿರುವಾಗ ಸಂಘದ ಬೆಲೆ ಏರಿಳಿತ ನಿಧಿಯನ್ನು ಬೋನಸ್ಸಾಗಿ ಹಂಚಿಬಿಡಬಾರದೇಕೆ ಎಂದು. ಕೇಳುವ ಹಕ್ಕು ಅವರಿಗಿದೆ, ಹಣ ಅವರದೇ. ಆ ದಿನ ಸಮಯ ಸಾಲದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಮಾತ್ರ ದೂರದ್ದು, ಆಫ್ರಿಕಾದ್ದು.

ಬೋಟ್ಸ್ವಾನ 1966ರಲ್ಲಿ ಸ್ವತಂತ್ರವಾದಾಗ ದನ ಸಾಕಿ ಬದುಕುತ್ತಿದ್ದ ಕಡುಬಡ ದೇಶ. ಮರುವರ್ಷ ಒರಾಪದಲ್ಲಿ ವಜ್ರ ಸಿಕ್ಕಿತು. ಗಣಿ ಒಂದಲ್ಲ ಒಂದು ದಿನ ಬರಿದಾಗುವುದೆಂದು ತಿಳಿದವರು, ಮಿಕ್ಕ ಹಣವನ್ನು 1994ರಿಂದ ‘ಪುಲ ನಿಧಿ’ಯೆಂದು ಬೇರೆ ಇಟ್ಟು ಹೊರದೇಶಗಳ ಸಾಲಪತ್ರ, ಷೇರುಗಳಲ್ಲಿ ತೊಡಗಿಸಿದರು. ಅದಕ್ಕೆ ಅಲ್ಲಿನ ಕೇಂದ್ರ ಬ್ಯಾಂಕಿನ ಕಾಯ್ದೆಯ ಕಟ್ಟು ಇದೆ. ಪುಲ ಎಂದರೆ ಅವರ ಭಾಷೆಯಲ್ಲಿ ಮಳೆ. ನಾಣ್ಯದ ಹೆಸರೂ ಅದೇ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡ ಚನ್ನಗಿರಿಯವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನೈಜೀರಿಯ ತೈಲದ ದೇಶ. ಅಂದಾಜಿಗಿಂತ ಹೆಚ್ಚಿಗೆ ಬಂದ ತೈಲದ ಹಣ ಕೂಡಿಡಲು 2004ರಲ್ಲಿ ಒಂದು ಖಾತೆ ತೆರೆದರು. 2008ರ ಹೊತ್ತಿಗೆ ಅದರಲ್ಲಿ ಸುಮಾರು 2,000 ಕೋಟಿ ಡಾಲರ್ ಇತ್ತು. ಆದರೆ ಆ ಖಾತೆಗೆ ಗಟ್ಟಿ ಕಾನೂನಿನ ಆಧಾರವಿರಲಿಲ್ಲ. ರಾಜ್ಯಗಳ ಗವರ್ನರುಗಳು ನಮ್ಮ ಪಾಲು ಕೊಡಿ ಎಂದರು, ಹಂಚಿಕೆಯಾಯಿತು, ಮತ್ತೆ ಹಂಚಿಕೆಯಾಯಿತು. 2022ರಲ್ಲಿ ಉಳಿದಿದ್ದು 5 ಲಕ್ಷ ಡಾಲರಿಗೂ ಕಡಿಮೆ. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಯೂ ಇಲ್ಲ. ಒಂದು ಸಾಧಾರಣ ಕಾಫಿ ತೋಟದ ಕ್ರಯ! ಗವರ್ನರುಗಳನ್ನು ಬರೇ ದೂರಿ ಫಲವಿಲ್ಲ. 20 ಕೋಟಿಗೂ ಮೀರಿದ ಜನ, ರಸ್ತೆ ಶಾಲೆ ಈಗಲೇ ಬೇಕು ಎಂಬುದೂ ನ್ಯಾಯವೇ. ಬೋಟ್ಸ್ವಾನದ ಜನಸಂಖ್ಯೆ ಸುಮಾರು 25 ಲಕ್ಷ ಮಾತ್ರ.

ಬೋಟ್ಸ್ವಾನದವರು ಎಲ್ಲವನ್ನೂ ಗೆದ್ದರೆಂದು ತಿಳಿಯಬೇಡಿ. ಕಾರ್ಖಾನೆಯಲ್ಲಿ ತಯಾರಾದ ವಜ್ರ ಮಾರುಕಟ್ಟೆಗೆ ಬಂದು, 2023ರಿಂದ ಅವರ ವ್ಯಾಪಾರ ಕುಸಿದು ಉಳಿತಾಯವೂ ಕರಗುತ್ತಾ ಬಂದಿದೆ. ಒಂದೇ ಕಸುಬನ್ನು ನೆಚ್ಚಿದ ಊರಿನ ಪಾಡು ನಮಗೂ ಗೊತ್ತು. ದಾವಣಗೆರೆಯ ಹತ್ತಿ ಗಿರಣಿಗಳು, 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್, ಇವು ಬಾಗಿಲು ಹಾಕಿದ್ದನ್ನು ಕಂಡಿದ್ದೇವೆ. ಆದರೂ ಕಷ್ಟಕಾಲದಲ್ಲಿ ಕರಗಿಸಲಿಕ್ಕಾದರೂ ಅವರ ಬಳಿ ಒಂದಿಷ್ಟು ಇತ್ತು. 1991ರಲ್ಲಿ ನಮ್ಮ ದೇಶ ಸುಮಾರು 47 ಟನ್ ಚಿನ್ನ ಒತ್ತೆಯಿಡಬೇಕಾಯಿತು.

ಈಗ ನಮ್ಮ ಸಂಘಕ್ಕೆ ಬರೋಣ. ನಿವ್ವಳ ಲಾಭದ ಕಾಲುಭಾಗಕ್ಕೆ ಕಡಿಮೆಯಿಲ್ಲದಂತೆ ಆಪದ್ಧನಕ್ಕೆ ಹಾಕಬೇಕೆಂದು 1959ರ ಸಹಕಾರ ಸಂಘಗಳ ಕಾಯ್ದೆ ಹೇಳುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಬೆಲೆ ಏರಿಳಿತ ನಿಧಿ ಹಾಗಲ್ಲ. ಅದು ಬರೇ ಒಂದು ಠರಾವಿನ ಮೇಲೆ ನಿಂತಿದೆ, ಇನ್ನೊಂದು ಠರಾವಿನಿಂದ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾಗಬಹುದು. ಕಾಫಿಗೆ 1977ರ ಬೆಲೆಯನ್ನೂ 2001ರ ಬೆಲೆಯನ್ನೂ ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರನ್ನು ಕೇಳಿ.

ಆದಕಾರಣ ಬೋನಸ್ಸಿನ ಠರಾವಿಗೆ ನನ್ನ ವಿರೋಧವಿದೆ. ಧಾರಣೆ ಎಷ್ಟಕ್ಕೆ ಇಳಿದರೆ, ಯಾರಿಗೆ, ಎಷ್ಟು ತೆಗೆಯಬಹುದು ಎಂಬುದನ್ನು ಉಪವಿಧಿಯಲ್ಲೇ ಬರೆದಿಡುವ ತಿದ್ದುಪಡಿಯನ್ನು ಸರ್ವಸದಸ್ಯರ ಸಭೆಯ ಮುಂದೆ ಇಡುತ್ತೇನೆ. ಸಣ್ಣ ಹಿಡುವಳಿಯವರಿಗೆ ಮೊದಲ ಹಕ್ಕು ಇರಬೇಕೆಂಬುದು ನನ್ನ ಅಭಿಪ್ರಾಯ. ಒಪ್ಪದವರು ತಮ್ಮ ಕರಡನ್ನು ಸಭೆಗೆ ಮುಂಚೆ ಕಛೇರಿಗೆ ಕಳುಹಿಸಲಿ, ಎರಡನ್ನೂ ಒಟ್ಟಿಗೆ ಅಚ್ಚು ಹಾಕಿಸೋಣ.